ಗಾಯಗೊಂಡ ಕಾಡುಹಕ್ಕಿ ಮನೆಗೆ ಬಂದಾಗ: ಎಷ್ಟು ಆರೈಕೆ ಮಾಡಬೇಕು, ಎಲ್ಲಿ ಕೈ ಕಟ್ಟಿ ಕೂರಬೇಕು?

ತೋಟದಂಚು, ಶಿರಸಿ

ಕಳೆದ ಭಾನುವಾರ ಮಧ್ಯಾಹ್ನ ಮಳೆ ತುಸು ಹೊಳವಾದ ಹೊತ್ತಿನಲ್ಲಿ ನಮ್ಮ ಮಾಳಿಗೆಯ ಹೊಸ ಗಾಜಿನ ಕಿಟಕಿಗೆ ಏನೋ ಧಡ್ಡೆಂದು ಬಡಿದ ಸದ್ದಾಯಿತು. ಹೊರಗೆ ಹೋಗಿ ನೋಡಿದರೆ ಪಾಗಾರದ ಬುಡದಲ್ಲಿ ಪಚ್ಚೆ ಪಾರಿವಾಳವೊಂದು ಒಂದು ರೆಕ್ಕೆಯನ್ನು ಹರಡಿಕೊಂಡು ಬಿದ್ದಿತ್ತು. ತೋಟದ ನೆರಳಿನಲ್ಲಿ ನೆಲ ಹೆಕ್ಕುತ್ತಿದ್ದು, ಹೆಜ್ಜೆಯ ಸಪ್ಪಳ ಕೇಳಿದೊಡನೆ ಬಾಣದಂತೆ ಹಾರಿಹೋಗುವ ಈ ಹಕ್ಕಿಯನ್ನು ಕೈಯಳತೆಯಲ್ಲಿ ನೋಡಿದ್ದು ನನಗೆ ಅದೇ ಮೊದಲು. ಜೀವವಿತ್ತು, ಕಣ್ಣು ಅರ್ಧ ಮುಚ್ಚಿತ್ತು.

ಅನಂತರ ನಾವು ಮಾಡಿದ್ದನ್ನೆಲ್ಲ ಮುಚ್ಚಿಡದೆ ಬರೆಯುತ್ತೇನೆ. ಜಗುಲಿಗೆ ತಂದು ಹೂವಿನ ಬುಟ್ಟಿಯಲ್ಲಿಟ್ಟೆವು. ತಾಯಿಯವರು ಹತ್ತಿಯನ್ನು ನೀರಿನಲ್ಲಿ ಅದ್ದಿ ಕೊಕ್ಕಿನೊಳಗೆ ಹಿಂಡಿದರು. ರೆಕ್ಕೆಯ ಸಂದಿನಲ್ಲಿ ರಕ್ತ ಕಂಡದ್ದರಿಂದ ಅರಿಸಿನವನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚಿದೆವು. ಸಂಜೆ ಕಣ್ಣು ಬಿಟ್ಟಿತೆಂದು ಹಾಲು ಅನ್ನ ನುರಿದು ತಿನ್ನಿಸಿದೆವು. ನೆರೆಮನೆಯ ಮಕ್ಕಳು ಬಂದು ನೋಡಿದರು, ಮುಟ್ಟಿದರು, ಫೋಟೋ ತೆಗೆದರು. ರಾತ್ರಿ ಬೆಚ್ಚಗಿರಲೆಂದು ಒಲೆಯ ಹತ್ತಿರ ಇಟ್ಟು ಮಲಗಿದೆವು. ಬೆಳಿಗ್ಗೆ ನೋಡುವಾಗ ಸೆಟೆದುಕೊಂಡಿತ್ತು.

ತಾಯಿಯವರಿಗೆ ಇದು ಬಹಳ ಮನಸ್ಸಿಗೆ ಹತ್ತಿದೆ. ನಮ್ಮ ಕಡೆಯಿಂದ ಏನು ತಪ್ಪಾಯಿತು ಎಂಬುದನ್ನು ತಿಳಿದವರು ಸಮಾಧಾನದ ಮಾತು ಬೆರೆಸದೆ ಬರೆದರೆ, ಮುಂದೆ ಅದೇ ಕಿಟಕಿಗೆ ಬಡಿಯಲಿರುವ ಹಕ್ಕಿಗಾದರೂ ಉಪಕಾರವಾದೀತು.

ಪಶುವೈದ್ಯೆ, ಕುಮಟಾ

ನೀವು ಸಮಾಧಾನ ಬೇಡವೆಂದಿದ್ದರೂ ಒಂದು ಮಾತನ್ನು ಹೇಳಲೇಬೇಕು, ಏಕೆಂದರೆ ಅದು ಸತ್ಯ. ಅಷ್ಟು ವೇಗದಲ್ಲಿ ಗಾಜಿಗೆ ಬಡಿದ ಹಕ್ಕಿಗೆ ತಲೆಯೊಳಗೆ ರಕ್ತಸ್ರಾವವಾಗಿದ್ದರೆ ನೀವು ಯಾವ ತಪ್ಪನ್ನು ಮಾಡದಿದ್ದರೂ ಅದು ಉಳಿಯುತ್ತಿರಲಿಲ್ಲ. ಇನ್ನು ತಪ್ಪುಗಳ ವಿಷಯ.

ಎಲ್ಲಕ್ಕಿಂತ ಅಪಾಯದ್ದು ನೀರು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲಿಯೇ ತೆರೆದುಕೊಳ್ಳುತ್ತದೆ. ಎಚ್ಚರವಿರುವ ಹಕ್ಕಿ ತಾನೇ ನೀರು ಕುಡಿಯುವಾಗ ಅದನ್ನು ಮುಚ್ಚಿಕೊಳ್ಳುತ್ತದೆ. ಅರೆಪ್ರಜ್ಞೆಯಲ್ಲಿರುವ ಹಕ್ಕಿಯ ಕೊಕ್ಕು ಬಿಡಿಸಿ ನೀರು ಹಿಂಡಿದರೆ ಅದು ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ನನ್ನ ಬಳಿಗೆ ಜನರು ತರುವ ಹಕ್ಕಿಗಳಲ್ಲಿ ಮೂಗಿನಿಂದ ಗುಳ್ಳೆ ಬರುತ್ತಿರುವವು ಹಲವು, ಮತ್ತು ಅವುಗಳಲ್ಲಿ ಬದುಕುವವು ಕಡಿಮೆ. ಹಾಲಿನ ವಿಷಯ ಸರಳ. ಹಾಲಿನ ಸಕ್ಕರೆಯನ್ನು ಅರಗಿಸುವ ಏರ್ಪಾಡು ಹಕ್ಕಿಯ ಕರುಳಿನಲ್ಲಿಲ್ಲ, ಆದ್ದರಿಂದ ಭೇದಿಯಾಗಿ ಇದ್ದ ನೀರಿನಂಶವೂ ಹೋಗುತ್ತದೆ. ಅರಿಸಿನ ಕಲಸಿದ ಎಣ್ಣೆ ಗರಿಗಳನ್ನು ಅಂಟಿಸಿಬಿಡುತ್ತದೆ. ಹಕ್ಕಿಯ ಮೈಯ ಬಿಸಿ ಸುಮಾರು 40ರಿಂದ 42 ಡಿಗ್ರಿ ಸೆಲ್ಸಿಯಸ್. ಅದನ್ನು ಕಾಯುವುದು ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿ. ಎಣ್ಣೆ ಹಿಡಿದ ಗರಿಯಲ್ಲಿ ಗಾಳಿ ನಿಲ್ಲುವುದಿಲ್ಲ, ಮಳೆನೀರೂ ಜಾರುವುದಿಲ್ಲ. ಒಲೆಯ ಬಿಸಿಗಿಂತ ಅದರ ಹೊಗೆ ಹೆಚ್ಚು ಕೆಡುಕು, ಏಕೆಂದರೆ ಹಕ್ಕಿಗಳ ಉಸಿರಾಟದ ವ್ಯವಸ್ಥೆ ಹೊಗೆಯನ್ನು ನಮ್ಮಂತೆ ತಾಳಿಕೊಳ್ಳುವುದಿಲ್ಲ. ಇನ್ನೊಂದು, ಮಕ್ಕಳು ಮುಟ್ಟಿದ್ದು. ನಾವು ಅಕ್ಕರೆಯಿಂದ ಸವರುತ್ತಿದ್ದೇವೆ ಎಂದು ಹಕ್ಕಿಗೆ ಗೊತ್ತಾಗುವ ಬಗೆಯಿಲ್ಲ. ಸುತ್ತ ನಿಂತು ನೋಡುವ ಕಣ್ಣುಗಳೆಲ್ಲ ಅದರ ಪಾಲಿಗೆ ತಿನ್ನಲು ಬಂದ ಪ್ರಾಣಿಯ ಕಣ್ಣುಗಳು, ಮತ್ತು ಅದು ಅಲುಗಾಡದೆ ಕೂತಿರುವುದನ್ನು ನಾವು ‘ಪಳಗಿದೆ’ ಎಂದು ಓದಿಕೊಳ್ಳುತ್ತೇವೆ.

ಹಾಗಾದರೆ ಮಾಡಬೇಕಾದದ್ದೇನು? ಮೆಲ್ಲಗೆ ಬಟ್ಟೆ ಹಾಕಿ ಎತ್ತಿ, ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಅಡಿಗೆ ಹಳೆಯ ಹತ್ತಿಬಟ್ಟೆ ಹಾಸಿ ಇಟ್ಟು, ಮುಚ್ಚಿ, ಬೆಕ್ಕು ಮತ್ತು ಮಕ್ಕಳು ಹೋಗದ ಕತ್ತಲೆಯ ಕೋಣೆಯಲ್ಲಿ ಬಿಡುವುದು. ಎತ್ತುವಾಗ ಎದೆಯನ್ನು ಬಿಗಿಯಾಗಿ ಹಿಡಿಯಬಾರದು. ಹಕ್ಕಿಗೆ ನಮ್ಮಂತೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು, ಇಲ್ಲ; ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಆಡಿದರೆ ಮಾತ್ರ ಅದಕ್ಕೆ ಉಸಿರು. ಚಳಿಯಿದ್ದರೆ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ; ಬೇಕೆನಿಸಿದರೆ ಹಕ್ಕಿ ಇತ್ತ ಬರುತ್ತದೆ, ಬೇಡವೆನಿಸಿದರೆ ಅತ್ತ ಸರಿಯುತ್ತದೆ. ಗಾಜಿಗೆ ಬಡಿದು ಬರಿಯ ಮಂಕು ಕವಿದ ಹಕ್ಕಿ ಒಂದೆರಡು ತಾಸಿನಲ್ಲಿ ಪೆಟ್ಟಿಗೆಯೊಳಗೆ ಪರಚಲು ಶುರುಮಾಡುತ್ತದೆ. ಆಗ ಪೆಟ್ಟಿಗೆಯನ್ನು ಹೊರಗೆ, ಗಾಜಿನಿಂದ ದೂರ ಒಯ್ದು ಮುಚ್ಚಳ ತೆಗೆದು ಹಿಂದೆ ಸರಿಯಿರಿ. ರೆಕ್ಕೆ ಜೋತಿದ್ದರೆ, ರಕ್ತ ನಿಲ್ಲದಿದ್ದರೆ, ಕತ್ತು ತಿರುಚಿದ್ದರೆ ವೈದ್ಯರಿಗೆ ಒಪ್ಪಿಸಬೇಕು. ಮನೆಯಲ್ಲಿರುವ ನೋವಿನ ಮಾತ್ರೆ ಯಾವುದನ್ನೂ ಪುಡಿ ಮಾಡಿ ಕೊಡಬಾರದು. ಡೈಕ್ಲೋಫೆನಾಕ್ ಎಂಬ ಒಂದೇ ಔಷಧ ದನದ ಹೆಣಗಳ ಮೂಲಕ ನಮ್ಮ ದೇಶದ ರಣಹದ್ದುಗಳನ್ನು ಅಳಿವಿನಂಚಿಗೆ ತಂದದ್ದರಿಂದಲೇ 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಬೇಕಾಯಿತು.

ಮೂರನೇ ತಲೆಮಾರು, ಸಿದ್ದಾಪುರ

ಅರಿಸಿನವನ್ನು ಹೀಗೆ ತಳ್ಳಿಹಾಕುವುದು ಸರಿಯೆನಿಸುವುದಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ದನಗಳ ಗಾಯಕ್ಕೆ ತಲೆಮಾರುಗಳಿಂದ ಅದನ್ನೇ ಹಚ್ಚುತ್ತಿದ್ದೇವೆ, ಗಾಯ ಮಾಗಿದ್ದನ್ನು ನಾನೇ ಕಂಡಿದ್ದೇನೆ.

ಪಶುವೈದ್ಯೆ, ಕುಮಟಾ

ದನದ ಗಾಯದ ಬಗ್ಗೆ ನನ್ನ ತಕರಾರಿಲ್ಲ. ಆದರೆ ದನಕ್ಕೆ ಗರಿಯಿಲ್ಲ, ದನ ಹಾರಬೇಕಾಗಿಯೂ ಇಲ್ಲ. ಇದಕ್ಕಿಂತ ಮುಖ್ಯವಾಗಿ, ಅರಿಸಿನ ಲೇಪಿಸಿದ ಗಾಯ ನಮಗೆ ಬಂದಾಗ ಮೂಳೆ ಹೊರಗೆ ಬಂದಿದೆಯೇ, ಅಂಗಾಂಶ ಕಪ್ಪಾಗಿದೆಯೇ ಎಂಬುದು ಆ ಹಳದಿಯಡಿ ಕಾಣುವುದೇ ಇಲ್ಲ, ಮತ್ತು ಅದನ್ನು ತೊಳೆಯುವ ಹೊತ್ತಿಗೆ ಹಕ್ಕಿ ಮತ್ತೊಮ್ಮೆ ಬಳಲುತ್ತದೆ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒಂದೆರಡು ನಿಮಿಷ ಹಗುರವಾಗಿ ಒತ್ತಿ ಹಿಡಿಯಿರಿ, ಅಷ್ಟು ಸಾಕು.

ಕಾಳಿ ಅಳಿವೆ, ಕಾರವಾರ

ಘಟ್ಟದ ಮೇಲಿನವರ ಕಷ್ಟ ಕಿಟಕಿಯದಾದರೆ ನಮ್ಮ ಕಷ್ಟ ಮಳೆಗಾಲದ ಕಡಲಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿ ಜೋರಾದಾಗ, ನಡುಗಡಲಿನಲ್ಲಿಯೇ ಬಾಳುವ, ನೆಲವನ್ನು ಗೂಡಿನ ಕಾಲದಲ್ಲಿ ಮಾತ್ರ ಮುಟ್ಟುವ ಹಕ್ಕಿಗಳು ದಣಿದು ದಂಡೆಗೆ ಬಂದು ಬೀಳುತ್ತವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರದ ಪಕ್ಕದಲ್ಲೇ ಹಾದುಹೋಯಿತಲ್ಲ, ಅಂಥ ಗಾಳಿಯ ಮರುದಿನ ದಂಡೆಯ ಮೇಲೆ ನಡೆಯುವವರು ಕಣ್ಣು ತೆರೆದಿರಬೇಕು.

ನನ್ನ ತಪ್ಪನ್ನೂ ಇಲ್ಲಿ ಬರೆಯುತ್ತೇನೆ. ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ಬೆಳಿಗ್ಗೆ, ದೇವಬಾಗದ ಮರಳಿನಲ್ಲಿ ಬಾತಿಗಿಂತ ದೊಡ್ಡದಾದ, ಬಿಳಿಯ ಮೈಯ, ಕಪ್ಪು ಮುಖದ ಬೂಬಿ ಎಂಬ ಕಡಲಹಕ್ಕಿಯೊಂದು ಕೂತಿತ್ತು. ಹತ್ತಿರ ಹೋದವರ ಮೇಲೆ ಈಟಿಯಂಥ ಕೊಕ್ಕನ್ನು ಬೀಸುತ್ತಿತ್ತು. ಕಣ್ಣಿಗೆ ಕುಕ್ಕಿದರೆ ಕಷ್ಟವೆಂದು ನಾವು ಕೊಕ್ಕನ್ನು ಬುಡದಿಂದ ತುದಿಯವರೆಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ಗೋಣಿಚೀಲದಲ್ಲಿಟ್ಟು ರಿಕ್ಷಾ ಹತ್ತಿಸಿದೆವು. ಪೇಟೆ ತಲುಪುವಷ್ಟರಲ್ಲಿ ಅದು ಸತ್ತಿತ್ತು. ಬೂಬಿಗಳಿಗೆ ಹೊರಗೆ ತೆರೆದ ಮೂಗಿನ ಹೊಳ್ಳೆಗಳೇ ಇಲ್ಲ, ತಲೆ ಕೆಳಗಾಗಿ ನೀರಿಗೆ ಧುಮುಕುವ ಬದುಕಿಗೆ ತಕ್ಕಂತೆ ಅವು ಮುಚ್ಚಿಹೋಗಿವೆ, ಉಸಿರೆಲ್ಲ ಬಾಯಿಯ ಸಂದಿಯಿಂದಲೇ ಆಡಬೇಕು ಎಂಬುದು ನನಗೆ ಆಮೇಲೆ ತಿಳಿಯಿತು. ನಮ್ಮ ನೀರುಕಾಗೆಗಳದ್ದೂ ಇದೇ ಕಥೆ. ಅರಬ್ಬಿ ಸಮುದ್ರದ ಬಿರುಗಾಳಿಯನ್ನು ದಾಟಿ ಬಂದಿದ್ದ ಹಕ್ಕಿ ನಮ್ಮ ರಬ್ಬರ್ ಬ್ಯಾಂಡಿಗೆ ಸತ್ತಿತು. ಇಂದಾದರೆ ನಾನು ದಪ್ಪ ಟವೆಲನ್ನು ತಲೆಯ ಮೇಲೆ ಹಾಕಿ, ಕತ್ತಿನ ಹಿಂಭಾಗವನ್ನು ಹಿಡಿದು, ಕನ್ನಡಕ ಧರಿಸಿ ಎತ್ತುತ್ತೇನೆ, ಕೊಕ್ಕನ್ನು ಕಟ್ಟುವುದಿಲ್ಲ.

ಎರಡನೆಯದು, ಇಂಥ ಹಕ್ಕಿಯನ್ನು ಕಂಡಕೂಡಲೇ ‘ನೀರಿನ ಹಕ್ಕಿ ನೀರಿಗೆ ಸೇರಲಿ’ ಎಂದು ತೆರೆಗೆ ಎಸೆಯುವ ಒಳ್ಳೆಯ ಮನಸ್ಸಿನವರು ನಮ್ಮಲ್ಲಿ ಬಹಳ ಇದ್ದಾರೆ. ಅದು ದಂಡೆಗೆ ಬಂದದ್ದೇ ತೇಲಲು ಶಕ್ತಿಯಿಲ್ಲದ್ದರಿಂದ. ಮಳೆಗಾಲಕ್ಕೆ ಮುಂಚೆ ದಂಡೆಗೆ ಬರುವ ಡಾಂಬರಿನ ಉಂಡೆಗಳ ಜಿಗುಟು ಅಂಟಿದ ಹಕ್ಕಿಯಾದರೆ ಇನ್ನೂ ಜಾಗ್ರತೆ ಬೇಕು. 2006ರ ಮೇ ಕೊನೆಯಲ್ಲಿ ಓಷನ್ ಸೆರಾಯಾ ಹಡಗು ನಮ್ಮ ಆಯ್ಸ್ಟರ್ ರಾಕ್ ಬಂಡೆಗಳಿಗೆ ಸಿಕ್ಕಿ ಎಣ್ಣೆ ಸೋರಿದ್ದು ಹಳಬರಿಗೆ ನೆನಪಿರಬಹುದು. ಎಣ್ಣೆ ಹತ್ತಿದ ಹಕ್ಕಿಯನ್ನು ಕೂಡಲೇ ಸೋಪು ಹಾಕಿ ತಿಕ್ಕಬಾರದು. ತೊಳೆಯುವ ಶ್ರಮವೇ ಅದನ್ನು ಕೊಲ್ಲಬಹುದು. ಕೊಕ್ಕಿನಿಂದ ಗರಿ ತೀಡಿಕೊಂಡು ಎಣ್ಣೆ ನುಂಗದ ಹಾಗೆ ಬಟ್ಟೆ ಸುತ್ತಿ, ಬೆಚ್ಚಗಿಟ್ಟು, ತಿಳಿದವರಿಗೆ ಒಪ್ಪಿಸಬೇಕು.

ಹಳೆಯ ದಾರಿ, ಅಂಕೋಲಾ

ಕಾನೂನಿನ ಮಾತನ್ನು ಯಾರೂ ಎತ್ತಿಲ್ಲವಾದ್ದರಿಂದ ನಾನು ಎತ್ತುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನಂತೆ ಕಾಡುಪ್ರಾಣಿ ಸರ್ಕಾರದ ಸೊತ್ತು, ಮತ್ತು ಅದು ಯಾವ ಬಗೆಯಿಂದಲೇ ನಮ್ಮ ಕೈಗೆ ಬಂದರೂ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. ಪಂಜರದ ಗಿಳಿಯೂ ಇದಕ್ಕೆ ಹೊರತಲ್ಲ. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಅನುಸೂಚಿಗಳು ಬದಲಾಗಿವೆ, ಆದರೆ ಈ ಹೊಣೆ ಹಾಗೆಯೇ ಇದೆ. ಆದ್ದರಿಂದ ‘ಗುಣವಾಗುವವರೆಗೆ ಒಂದು ತಿಂಗಳು ನಮ್ಮಲ್ಲೇ ಇರಲಿ’ ಎಂಬುದು ಕರುಣೆಯಿಂದ ಮಾಡಿದರೂ ಅಪರಾಧವಾಗುತ್ತದೆ.

ದಬ್ಬೆಸೇತುವೆ, ಯಲ್ಲಾಪುರ

ಕಾಯ್ದೆಯನ್ನು ನಾನೂ ಓದಿದ್ದೇನೆ ಮತ್ತು ಪಾಲಿಸಿದ್ದೇನೆ. ಫಲ ಕೇಳಿ. ಎರಡು ವರ್ಷಗಳ ಹಿಂದೆ ರೆಕ್ಕೆ ಮುರಿದ ಮಂಗಟ್ಟೆಯೊಂದು ನಮ್ಮ ಬೆಟ್ಟದಲ್ಲಿ ಸಿಕ್ಕಿತು. ಶನಿವಾರ ಮಧ್ಯಾಹ್ನ ಇಪ್ಪತ್ತೈದು ಕಿಲೋಮೀಟರ್ ದೂರದ ಕಚೇರಿಯೊಂದಕ್ಕೆ ಒಯ್ದೆ. ಸಾಹೇಬರು ಇಲ್ಲವೆಂದರು, ಬಿಟ್ಟುಹೋಗಿ ಎಂದರು. ಸೋಮವಾರ ವಿಚಾರಿಸಲು ಹೋದರೆ ನಾನು ಕೊಟ್ಟ ಅದೇ ಪೆಟ್ಟಿಗೆ ಅದೇ ಮೂಲೆಯಲ್ಲಿತ್ತು. ಪೆಟ್ಟಿಗೆಯನ್ನು ತೆರೆಯುವ ಅಗತ್ಯವಿರಲಿಲ್ಲ, ವಾಸನೆಯೇ ಹೇಳುತ್ತಿತ್ತು. ಯಾವ ಕಚೇರಿಯೆಂದು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಆದರೆ ನನ್ನ ಮನೆಯ ಕತ್ತಲೆಯ ಕೋಣೆಯಲ್ಲಿ ಒಂದೆರಡು ಪಪ್ಪಾಯಿ ಹೋಳು ತಿಂದು ಆ ಹಕ್ಕಿ ಬದುಕುತ್ತಿತ್ತೇನೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಮುಂದಿನ ಸಲ 48 ಗಂಟೆಯ ಲೆಕ್ಕವನ್ನು ನಾನು ಬಹಳ ಸಾವಕಾಶವಾಗಿ ಮಾಡುತ್ತೇನೆ.

ನಿವೃತ್ತ ಅರಣ್ಯ ನೌಕರ, ಸಿದ್ದಾಪುರ

ಯಲ್ಲಾಪುರದವರ ಸಿಟ್ಟು ನ್ಯಾಯವಾದದ್ದು. ಸಮರ್ಥಿಸಲು ನಾನು ಹೊರಟಿಲ್ಲ. ಕಚೇರಿಯ ಒಳಗಿನಿಂದ ಕಂಡದ್ದನ್ನಷ್ಟೇ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಕಾರವಾರ, ಹೊನ್ನಾವರ, ಶಿರಸಿ, ಯಲ್ಲಾಪುರ, ಹಳಿಯಾಳ ಎಂದು ಅರಣ್ಯ ವಿಭಾಗಗಳಿವೆ. ಹಕ್ಕಿ ಬಂದಾಗ ಸಿಬ್ಬಂದಿ ಮಾಡಬಹುದಾದ ಕೆಲಸವೆಂದರೆ ತಾಲೂಕಿನ ಪಶು ಆಸ್ಪತ್ರೆಗೆ ಒಯ್ಯುವುದು, ಮತ್ತು ಅಲ್ಲಿನ ವೈದ್ಯರ ದಿನದ ಕೆಲಸ ಎಮ್ಮೆ, ಹಸು, ಕುರಿಗಳದ್ದು. ಹಕ್ಕಿಗಳಿಗೆಂದೇ ನುರಿತ ಪುನರ್ವಸತಿ ಕೇಂದ್ರಗಳು ಬೆಂಗಳೂರಿನಲ್ಲಿವೆ, ಇಲ್ಲಿಂದ ನಾನೂರು ಕಿಲೋಮೀಟರ್ ಆಚೆಗೆ. ಕಾರವಾರದವರಿಗೆ ಗೋವಾ ಹತ್ತಿರವಿದ್ದರೂ ಕಾಡುಹಕ್ಕಿಯನ್ನು ಮನಬಂದಂತೆ ಕಾರಿನಲ್ಲಿಟ್ಟು ರಾಜ್ಯದ ಗಡಿ ದಾಟಿಸುವಂತಿಲ್ಲ.

ಆದ್ದರಿಂದ ಜನರು ಮಾಡಬೇಕಾದದ್ದು ಒಂದಿದೆ. ಹಕ್ಕಿ ಸಿಕ್ಕ ಗಳಿಗೆಯಲ್ಲೇ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿ, ಸ್ಥಳ ಮತ್ತು ಹೊತ್ತನ್ನು ಹೇಳಿ. ತಿಳಿಸುವುದು ಬೇರೆ, ಒಯ್ದು ಒಪ್ಪಿಸುವುದು ಬೇರೆ. ಕಾಯ್ದೆ ಮೊದಲು ಕೇಳುವುದು ತಿಳಿಸುವುದನ್ನು. ಶನಿವಾರ ಮಧ್ಯಾಹ್ನವಾದರೆ ‘ನೇರವಾಗಿ ಪಶುವೈದ್ಯರಲ್ಲಿಗೆ ಒಯ್ಯಲೇ?’ ಎಂದು ಕೇಳಿ, ಹೂಂ ಎಂದವರ ಹೆಸರು ಬರೆದಿಟ್ಟುಕೊಳ್ಳಿ. ಒಪ್ಪಿಸುವಾಗ ಸಿಕ್ಕ ದಿನ, ಜಾಗ, ಗಾಯದ ವಿವರವನ್ನು ಕಾಗದದಲ್ಲಿ ಬರೆದು, ಪ್ರತಿಗೆ ಸಹಿ ಪಡೆಯಿರಿ. ಸಹಿ ಹಾಕಿದ ವಸ್ತು ಮೂಲೆಯಲ್ಲಿ ಮರೆತುಹೋಗುವುದು ಕಡಿಮೆ. ನನ್ನ ಮೂವತ್ತು ವರ್ಷದ ನೌಕರಿ ಕಲಿಸಿದ್ದು ಇಷ್ಟೇ.

ಇನ್ನೊಂದು ವಿಷಯವನ್ನು ನಮ್ಮ ಸೀಮೆಯವರು ಮರೆಯಬಾರದು. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗುಗಳ ಮರಿಗಳು ಕಾಡುಕೋಳಿಯಂಥ ನೆಲ ಕೆದಕುವ ಹಕ್ಕಿಗಳ ಮೈಮೇಲೂ ಇರುತ್ತವೆ. ಡಿಸೆಂಬರ್‌ನಿಂದ ಮೇವರೆಗಿನ ದಿನಗಳಲ್ಲಿ ಇಂಥ ಹಕ್ಕಿಯನ್ನು ಎತ್ತುವವರು ಕೈಗವಸು ಹಾಕಿ, ಮಡಿಲಲ್ಲಿಟ್ಟುಕೊಳ್ಳದೆ, ಕೆಲಸ ಮುಗಿದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಉಣುಗು ಕಂಡರೆ ಉಗುರಿನಲ್ಲಿ ಜಜ್ಜಬಾರದು. ಒಂದೇ ಕಡೆ ನಾಲ್ಕಾರು ಹಕ್ಕಿಗಳು ಸತ್ತುಬಿದ್ದಿದ್ದರೆ ಮುಟ್ಟುವುದೇ ಬೇಡ, ಪಶುಪಾಲನಾ ಇಲಾಖೆಗೆ ತಿಳಿಸಿ.

ದಬ್ಬೆಸೇತುವೆ, ಯಲ್ಲಾಪುರ

ಸಹಿಯ ಮಾತು ನನಗೆ ಹೊಳೆದಿರಲಿಲ್ಲ. ಸಿಟ್ಟು ಇಳಿದಿಲ್ಲ, ಆದರೆ ಅದನ್ನು ಮಾಡುತ್ತೇನೆ.

ಶಾಲೆಯ ಟೀಚರ್, ಹೊನ್ನಾವರ

ದೊಡ್ಡ ಹಕ್ಕಿಗಳ ಮಾತಿನ ನಡುವೆ ಮರಿಗಳು ಮರೆತುಹೋಗುತ್ತಿವೆ. ಏಪ್ರಿಲ್ ಮತ್ತು ಮೇ ತಿಂಗಳ ಅಡ್ಡಮಳೆ ಬಂದ ಮರುದಿನ ನನ್ನ ಮನೆಯ ಮುಂದೆ ಕನಿಷ್ಠ ಒಬ್ಬ ಹುಡುಗನಾದರೂ ಅಂಗಿಯ ಜೇಬಿನಲ್ಲಿ ಮರಿಯನ್ನಿಟ್ಟುಕೊಂಡು ನಿಂತಿರುತ್ತಾನೆ. ತೋಟದಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗೌಡರು ಮರ ಹತ್ತಿದಾಗ, ಹಳೆಯ ಮರ ಕಡಿದಾಗಲೂ ಹೀಗೆಯೇ ಮರಿಗಳು ಮನೆ ಸೇರುತ್ತವೆ. ಇವುಗಳಲ್ಲಿ ಬಹುಪಾಲಿಗೆ ರಕ್ಷಣೆಯ ಅಗತ್ಯವೇ ಇರುವುದಿಲ್ಲ ಎಂದರೆ ಮಕ್ಕಳು ನಂಬುವುದಿಲ್ಲ, ದೊಡ್ಡವರಂತೂ ನಂಬುವುದೇ ಇಲ್ಲ.

ಮೈತುಂಬ ಗರಿ ಬಂದು, ಬಾಲ ಮಾತ್ರ ಮೊಂಡಾಗಿ, ನೆಲದಲ್ಲಿ ಕುಪ್ಪಳಿಸುತ್ತಿರುವ ಮರಿ ಗೂಡಿನಿಂದ ಬಿದ್ದದ್ದಲ್ಲ, ಹಾರಲು ಕಲಿಯಲೆಂದು ಹೊರಬಂದದ್ದು. ಅದರ ತಾಯಿತಂದೆಗಳು ಪಕ್ಕದ ಗಿಡದಲ್ಲಿ ಹುಳು ಕಚ್ಚಿಕೊಂಡು ನೀವು ತೊಲಗುವುದನ್ನು ಕಾಯುತ್ತಿರುತ್ತವೆ. ಬೆಕ್ಕನ್ನು ಒಳಗೆ ಕಟ್ಟಿಹಾಕಿ, ಮರಿಯನ್ನು ಎತ್ತರದ ಪೊದೆಯ ಮೇಲೆ ಕೂರಿಸಿ ಬಂದರೆ ಆಯಿತು. ಕಣ್ಣು ಬಿಡದ ಅಥವಾ ಗರಿಯಿಲ್ಲದ ಮರಿಯಾದರೆ ಗೂಡಿಗೇ ಮರಳಿಸಬೇಕು. ‘ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ’ ಎಂಬ ಮಾತು ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಗೂಡು ಕಣ್ಣಿಗೆ ಕಾಣುತ್ತಿದ್ದರೂ ಮರಿಯನ್ನು ಮನೆಗೆ ತರುತ್ತಾರೆ. ಹಕ್ಕಿಗಳು ಮರಿಯನ್ನು ಗುರುತಿಸುವುದು ಮುಖ್ಯವಾಗಿ ಕೂಗಿನಿಂದ ಮತ್ತು ಜಾಗದಿಂದ; ನಮ್ಮ ಕೈಯ ವಾಸನೆಗೆ ಹೆದರಿ ಬಿಟ್ಟುಹೋಗುವುದಿಲ್ಲ.

ಗೂಡೇ ಹರಿದುಹೋಗಿದ್ದರೆ ನಾವು ತೆಂಗಿನ ಗೆರಟೆಯನ್ನು ಬಳಸುತ್ತೇವೆ. ದೊಡ್ಡ ಗೆರಟೆಯ ತಳಕ್ಕೆ ನೀರು ಇಳಿಯಲು ನಾಲ್ಕು ತೂತು ಕೊರೆದು, ಒಣಹುಲ್ಲು ತುಂಬಿ, ಹಳೆಯ ಗೂಡಿದ್ದ ಜಾಗಕ್ಕೆ ಆದಷ್ಟು ಹತ್ತಿರ, ಎಲೆಯ ಮರೆಯಲ್ಲಿ ಕಟ್ಟುತ್ತೇವೆ. ತೆಂಗಿನ ನಾರನ್ನು ಮಾತ್ರ ತುಂಬಬೇಡಿ. ಕೈಗೆ ಸಿಗುವುದು ಅದೇ ಆದರೂ ಮರಿಯ ಕಾಲಿಗೆ ಸುತ್ತಿಕೊಂಡು ರಕ್ತ ಹರಿಯುವುದನ್ನೇ ನಿಲ್ಲಿಸುತ್ತದೆ, ನಾನು ಒಮ್ಮೆ ಹಾಗೆ ಮಾಡಿ ಪಿಕಳಾರದ ಮರಿಯೊಂದರ ಬೆರಳು ಕಪ್ಪಾದದ್ದನ್ನು ನೋಡಿದ್ದೇನೆ. ಕಟ್ಟಿದ ಮೇಲೆ ದೂರದಿಂದ ಒಂದೆರಡು ತಾಸು ನೋಡಬೇಕು. ಹೋದ ವರ್ಷ ಬಾವಿಕಟ್ಟೆಯ ದಾಸವಾಳದಲ್ಲಿ ಹೀಗೆ ಕಟ್ಟಿದ ಗೆರಟೆಗೆ ಪಿಕಳಾರದ ಜೋಡಿ ನಲವತ್ತು ನಿಮಿಷದಲ್ಲಿ ಬಂತು. ಐದನೇ ತರಗತಿಯ ಹುಡುಗರು ಅಷ್ಟು ಹೊತ್ತು ಸದ್ದಿಲ್ಲದೆ ಕೂತದ್ದು ನನ್ನ ಸೇವಾವಧಿಯಲ್ಲಿ ಅದೊಂದೇ ಸಲ.

ಗೊರವಂಕ ಸಾಕಿದವ, ಭಟ್ಕಳ

ಟೀಚರ್ ಬರೆದದ್ದನ್ನು ಓದಿ ನನ್ನ ಹಳೆಯ ಕಥೆ ಹೇಳಬೇಕೆನಿಸಿತು. ಕಾಲೇಜಿನ ದಿನಗಳಲ್ಲಿ ಗೊರವಂಕದ ಒಂದು ಮರಿಯನ್ನು ಮನೆಗೆ ತಂದು ಸಾಕಿದೆ. ಬೆಳಗಿನಿಂದ ಸಂಜೆಯವರೆಗೆ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಅದರ ಬಾಯಿ ತೆರೆಯುತ್ತಿತ್ತು; ನಾನು ತರಗತಿ ಬಿಟ್ಟು ಮಿಡತೆ ಹಿಡಿದೆ. ಅದು ಬದುಕಿತು. ಆದರೆ ಅದಕ್ಕೆ ತಾನು ಗೊರವಂಕವೆಂಬುದು ಗೊತ್ತಾಗಲೇ ಇಲ್ಲ. ಅಂಗಳದಲ್ಲಿ ಬೇರೆ ಗೊರವಂಕಗಳು ಇಳಿದರೆ ಹೆದರಿ ನನ್ನ ಅಂಗಿಯೊಳಗೆ ಸೇರುತ್ತಿತ್ತು, ಅಪರಿಚಿತರ ಹೆಗಲ ಮೇಲೆ ಹೋಗಿ ಕೂರುತ್ತಿತ್ತು. ಬಿಟ್ಟು ಬಂದರೂ ಸಂಜೆಗೆ ಮರಳುತ್ತಿತ್ತು. ಒಂದು ದಿನ ನೆರೆಮನೆಯ ನಾಯಿಯ ಬಳಿಗೆ ಅದೇ ವಿಶ್ವಾಸದಿಂದ ಹೋಯಿತು. ಆಗ ಕಾನೂನು ನನಗೆ ತಿಳಿದಿರಲಿಲ್ಲ. ಊರಿನವರೆಲ್ಲ ನನ್ನನ್ನು ಹಕ್ಕಿಪ್ರೇಮಿಯೆಂದು ಹೊಗಳುತ್ತಿದ್ದರು.

ಪಶುವೈದ್ಯೆ, ಕುಮಟಾ

ನಾಯಿಯ ಮಾತು ಬಂದದ್ದರಿಂದ ಬೆಕ್ಕಿನದ್ದನ್ನೂ ಸೇರಿಸುತ್ತೇನೆ. ಬೆಕ್ಕು ಕಚ್ಚಿದ ಹಕ್ಕಿಯ ಮೈಮೇಲೆ ಗಾಯ ಕಾಣದಿದ್ದರೂ ಚೆನ್ನಾಗಿದೆ ಎಂದುಕೊಂಡು ಬಿಡಬಾರದು. ಬೆಕ್ಕಿನ ಹಲ್ಲು ಸೂಜಿಯಂತೆ ಇಳಿದು ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಒಳಗೆ ಬಿಡುತ್ತದೆ. ಆ್ಯಂಟಿಬಯೋಟಿಕ್ ಬೇಗ ಸಿಗದಿದ್ದರೆ ಹಕ್ಕಿ ಒಂದೆರಡು ದಿನದಲ್ಲಿ ಸಾಯುತ್ತದೆ. ಮರಿಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ತಣ್ಣಗಾಗಿರುವ ಮರಿಗೆ ತಿನ್ನಿಸಬೇಡಿ, ಮೈ ಬಿಸಿಯಾಗುವವರೆಗೆ ಅದು ಏನನ್ನೂ ಅರಗಿಸಲಾರದು.

ರಾತ್ರಿಪಾಳಿ, ಶಿರಸಿ

ಗೂಬೆಯ ಬಗ್ಗೆ ಒಂದು ಮಾತು. ಹಗಲಿನಲ್ಲಿ ಕಾಗೆಗಳು ಅಟ್ಟಿಸಿಕೊಂಡು ಬಂದು ಅಟ್ಟದಲ್ಲೋ ಅಂಗಳದಲ್ಲೋ ಕುಸಿದು ಕೂತ ಕಣಜ ಗೂಬೆಗೆ ಹೆಚ್ಚಿನ ಸಲ ಗಾಯವೇ ಇರುವುದಿಲ್ಲ. ಕತ್ತು ತೂಗುತ್ತ ಬುಸುಗುಟ್ಟುವುದು ಅದರ ಹೆದರಿಕೆ. ಅಪಶಕುನವೆಂದು ಕಲ್ಲು ಹೊಡೆಯುವವರಿಂದ ಅದನ್ನು ಕಾಪಾಡುವುದೇ ಮೊದಲ ಚಿಕಿತ್ಸೆ. ಪೆಟ್ಟಿಗೆಯಲ್ಲಿಟ್ಟು, ಮುಸ್ಸಂಜೆ ಕಾಗೆಗಳು ಗೂಡು ಸೇರಿದ ಮೇಲೆ, ಸಿಕ್ಕ ಜಾಗದಲ್ಲೇ ಬಿಟ್ಟರೆ ಹೋಗುತ್ತದೆ. ಗೂಬೆ, ಹದ್ದು, ಗರುಡಗಳಲ್ಲಿ ಕೊಕ್ಕಿಗಿಂತ ಕಾಲುಗುರುಗಳಿಗೆ ಹೆದರಬೇಕು. ನನ್ನ ಅಂಗೈಯಲ್ಲಿ ಅದರ ಗುರುತಿದೆ.

ಕಾಳಿ ಅಳಿವೆ, ಕಾರವಾರ

ಗರುಡನ ಹೆಸರು ಬಂದಾಗ ಬಲೆಯ ವಿಷಯವನ್ನು ಹೇಳದೆ ಇರಲಾರೆ. ಬೈತಖೋಲ ಬಂದರಿನಲ್ಲಿ ಮೀನು ಇಳಿಸುವ ಹೊತ್ತಿಗೆ ಗರುಡಗಳು, ಚಳಿಗಾಲದಲ್ಲಿ ಕಡಲಕಾಗೆಗಳು ಮುತ್ತಿಕೊಳ್ಳುತ್ತವೆ. ಹರಿದ ನೈಲಾನ್ ದಾರ ಮತ್ತು ಗಾಳದ ಮುಳ್ಳು ಅವುಗಳ ಕಾಲಿಗೆ, ಬಾಯಿಗೆ ಸಿಕ್ಕುತ್ತವೆ. ನಮ್ಮಲ್ಲಿ ಹಳತಾದ ಅದೇ ಬಲೆಗಳನ್ನು ಘಟ್ಟದ ಮೇಲಿನವರು ಮಂಗ, ನವಿಲುಗಳಿಂದ ಬೆಳೆ ಕಾಯಲು ಬೇಲಿಗೆ ಕಟ್ಟುತ್ತಾರೆ, ಅಲ್ಲಿ ಕೆಂಬೂತವೋ ಮಿಂಚುಳ್ಳಿಯೋ ಸಿಕ್ಕಿಕೊಳ್ಳುತ್ತದೆ. ಹೀಗೆ ಒಂದೇ ಬಲೆ ಕಡಲಿನಿಂದ ಬೆಟ್ಟದವರೆಗೆ ಕೆಲಸ ಮಾಡುತ್ತದೆ.

ಸಿಕ್ಕ ಹಕ್ಕಿಯನ್ನು ಎಳೆದು ಬಿಡಿಸಬಾರದು. ಮೊದಲು ಸುತ್ತಲಿನ ಬಲೆಯನ್ನು ಅಗಲವಾಗಿ ಕತ್ತರಿಸಿ ಹಕ್ಕಿಯನ್ನು ಕೆಳಗಿಳಿಸಿ, ತಲೆಗೆ ಬಟ್ಟೆ ಮುಚ್ಚಿ, ಆಮೇಲೆ ಸಣ್ಣ ಕತ್ತರಿಯಿಂದ ಎಳೆ ಎಳೆಯಾಗಿ ತೆಗೆಯಬೇಕು. ತೆಗೆದ ಮೇಲೆ ರೆಕ್ಕೆ ಬಡಿಯಿತೆಂದು ತಕ್ಷಣ ಹಾರಿಸುವುದೂ ತಪ್ಪು, ಏಕೆಂದರೆ ದಾರ ಬಿಗಿದ ಜಾಗದ ಮಾಂಸ ಸಾಯುವುದು ಒಂದೆರಡು ದಿನದ ನಂತರ ಕಾಣುತ್ತದೆ. ಗಾಳವನ್ನು ನುಂಗಿ ದಾರ ಮಾತ್ರ ಬಾಯಿಂದ ಇಳಿಬಿದ್ದಿದ್ದರೆ ಎಳೆಯಲೂ ಬೇಡಿ, ಗಿಡ್ಡಗೆ ಕತ್ತರಿಸಲೂ ಬೇಡಿ. ವೈದ್ಯರಿಗೆ ಒಳಗಿನ ಮುಳ್ಳು ಎಲ್ಲಿದೆಯೆಂದು ತೋರಿಸುವುದು ಆ ದಾರವೇ.

ಪಶುವೈದ್ಯೆ, ಕುಮಟಾ

ಸರಿಯಾಗಿ ಬರೆದಿದ್ದೀರಿ. ಮುರಿದ ಮೂಳೆಯ ಮಾತನ್ನು ಸೇರಿಸಿದರೆ ನನ್ನ ಕಡೆಯದು ಮುಗಿಯುತ್ತದೆ. ಹಕ್ಕಿಯ ಮೂಳೆ ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ, ಇದು ವರವೂ ಹೌದು ಶಾಪವೂ ಹೌದು. ಮನೆಯಲ್ಲಿ ಐಸ್‌ಕ್ರೀಮ್ ಕಡ್ಡಿ ಕಟ್ಟಿ ವಾರಗಟ್ಟಲೆ ಇಟ್ಟುಕೊಂಡು, ಹಾರದಾದಾಗ ತಂದರೆ, ಅಷ್ಟರಲ್ಲಿ ಸೊಟ್ಟಗೆ ಕೂಡಿದ ರೆಕ್ಕೆಯನ್ನು ಮತ್ತೆ ನೇರ ಮಾಡುವುದು ನಮ್ಮ ಕೈಯಲ್ಲಿರುವುದಿಲ್ಲ. ರೆಕ್ಕೆ ಮುರಿದ ಹಕ್ಕಿಯನ್ನು ಮೊದಲ ದಿನವೇ ತನ್ನಿ. ತಂತಿಯ ಪಂಜರದಲ್ಲಿ ತರಬೇಡಿ, ಗಾಬರಿಯಲ್ಲಿ ಬಡಿದುಕೊಂಡು ಹಾರುಗರಿಗಳನ್ನು ಮುರಿದುಕೊಳ್ಳುತ್ತದೆ. ಮುರಿದ ಗರಿ ಮುಂದಿನ ಗರಿ ಉದುರುವ ಕಾಲದವರೆಗೆ ಹೊಸದಾಗಿ ಬರುವುದಿಲ್ಲ.

ತೋಟದಂಚು, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರದ ನಂತರ ಬರೆಯುತ್ತಿದ್ದೇನೆ, ಏಕೆಂದರೆ ಅದೇ ಕಿಟಕಿಗೆ ಮೊನ್ನೆ ರಾತ್ರಿ ಇನ್ನೊಂದು ಹಕ್ಕಿ ಬಡಿಯಿತು. ಒಳಗೆ ದೀಪ ಉರಿಯುತ್ತಿತ್ತು. ಟಾರ್ಚ್ ಹಾಕಿ ನೋಡಿದರೆ ಮಳೆಗಾಲದಲ್ಲಿ ನಮ್ಮ ಹಳ್ಳಗಳಿಗೆ ಬರುವ ಮೂರು ಬೆರಳಿನ ಕಿರುಮಿಂಚುಳ್ಳಿ, ಅಂಗೈಯಲ್ಲಿಟ್ಟರೆ ತೂಕವೇ ತಿಳಿಯದಷ್ಟು ಸಣ್ಣದು. ತಾಯಿಯವರೇ ಚಪ್ಪಲಿಯ ರಟ್ಟಿನ ಪೆಟ್ಟಿಗೆ ತಂದರು, ಹಳೆಯ ಪಂಚೆಯ ತುಂಡು ಹಾಸಿದರು, ಮುಚ್ಚಿದರು, ದೇವರ ಕೋಣೆಯಲ್ಲಿಟ್ಟು ಬಾಗಿಲು ಹಾಕಿದರು. ನೀರಿನ ಲೋಟ ಹಿಡಿದು ಎರಡು ಸಲ ಬಾಗಿಲವರೆಗೆ ಹೋಗಿ ಮರಳಿದ್ದನ್ನು ನಾನು ನೋಡಿದೆ, ಏನೂ ಹೇಳಲಿಲ್ಲ. ಅಷ್ಟರಲ್ಲಿ ನಾನು 1926ಕ್ಕೆ ಕರೆ ಮಾಡಿ ತಿಳಿಸಿದ್ದೆ. ಬೆಳಕು ಹರಿಯುವ ಹೊತ್ತಿಗೆ ಪೆಟ್ಟಿಗೆಯೊಳಗೆ ಪರಚುವ ಸದ್ದು ಕೇಳುತ್ತಿತ್ತು. ಹಳ್ಳದ ಪಕ್ಕಕ್ಕೆ ಒಯ್ದು ಮುಚ್ಚಳ ತೆಗೆದೆವು. ನೇರವಾಗಿ ಹಾರಿ ಎದುರು ದಂಡೆಯ ಬೇರಿನ ಮೇಲೆ ಕೂತು, ನಾಲ್ಕಾರು ಸಲ ಬಾಲ ಕುಣಿಸಿ, ಒಳಗೆ ಹೋಯಿತು. ಒಳಪೆಟ್ಟು ಇತ್ತೋ ಇಲ್ಲವೋ ತಿಳಿಯುವ ದಾರಿಯಿಲ್ಲ.

ಈಗ ಕಿಟಕಿಗೆ ಏನಾದರೂ ಮಾಡಬೇಕು. ಹದ್ದಿನ ಚಿತ್ರವನ್ನು ಗಾಜಿಗೆ ಅಂಟಿಸಿದರೆ ಸಾಕೆಂದು ಅಂಗಡಿಯವರು ಹೇಳುತ್ತಾರೆ. ಅದು ನಿಜವೇ?

ಪಶುವೈದ್ಯೆ, ಕುಮಟಾ

ಒಂದು ಚಿತ್ರದಿಂದ ಉಪಯೋಗವಿಲ್ಲ, ಅದರ ಪಕ್ಕದ ಖಾಲಿ ಗಾಜಿನಲ್ಲಿ ಹಕ್ಕಿಗೆ ಮರವೇ ಕಾಣುತ್ತದೆ. ಗಾಜಿನ ಹೊರಮೈಗೆ, ಪೂರ್ತಿ ಅಗಲಕ್ಕೆ, ಎರಡೆರಡು ಇಂಚಿಗೆ ಒಂದರಂತೆ ಬಿಳಿ ಪಟ್ಟಿ ಅಥವಾ ಚುಕ್ಕೆಗಳನ್ನು ಹಾಕಬೇಕು. ಒಳಮೈಗೆ ಹಾಕಿದರೆ ಪ್ರತಿಬಿಂಬ ಹಾಗೆಯೇ ಉಳಿಯುತ್ತದೆ. ಖರ್ಚು ಬೇಡವೆಂದರೆ ಕಿಟಕಿಯ ಹೊರಗೆ ಒಂದು ಗೇಣು ಬಿಟ್ಟು ತೆಳು ಹಗ್ಗಗಳನ್ನು ಸಾಲಾಗಿ ಇಳಿಬಿಡಿ. ರಾತ್ರಿ ಪರದೆ ಎಳೆಯಿರಿ. ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ತೋಟದಂಚು, ಶಿರಸಿ

ಸುಣ್ಣದಲ್ಲಿ ಪಟ್ಟಿ ಎಳೆದರೆ ಮಳೆಗೆ ನಿಲ್ಲುವುದಿಲ್ಲ, ಆದ್ದರಿಂದ ಹಗ್ಗವನ್ನೇ ಕಟ್ಟುತ್ತೇವೆ. ಅಡಿಕೆ ಕೊಯ್ಲಿನ ಹಳೆಯ ಹಗ್ಗ ಅಟ್ಟದಲ್ಲಿ ಬೇಕಾದಷ್ಟಿದೆ.